ಇಲವಾಲ ಹಸ್ತಲಾಘವ ಮೀಮಾಂಸೆ

ವಾತ್ಸ್ಯಾಯನ ಕಾಮಸೂತ್ರದಲ್ಲಿ ಹೆಸರಿಸಿರುವ 64 ಕಲೆಗಳಲ್ಲಿ ಹಸ್ತಲಾಘವವೂ ಒಂದು. ಆ ಗ್ರಂಥವನ್ನು ಈ ಪಟ್ಟಿಗಾಗಿ ಯಾರೂ ಓದದ ಕಾರಣ ಕಲೆ ಅನಾಥವಾಗಿದೆ. ನಾಲ್ಕು ಜನರ ಕಣ್ಣೆದುರು ಇಸ್ಪೀಟಿನ ಎಲೆ ಮಾಯ ಮಾಡಿ, ಸಿಕ್ಕಿಬೀಳದೆ ಎದ್ದುಬರುವ ಬಗೆಯನ್ನು ಇಲವಾಲದ ನೆಲೆಯಿಂದ ವಿಚಾರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಇಲವಾಲವೇ ಏಕೆ? ಇದು ಪೂರ್ವಪಕ್ಷ. 1957ರ ಸೆಪ್ಟೆಂಬರಿನಲ್ಲಿ ಇಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ವಿನೋಬಾ ಭಾವೆಯವರೂ ನೆಹರೂ ಅವರೂ ಬಂದಿದ್ದರು. ಭೂಮಿ ಕೈ ಬದಲಾಯಿಸುವ ಮಾತು ಎಲ್ಲರೆದುರೇ ನಡೆಯಿತು. ಕೈ ಬದಲಾವಣೆಯ ಬಹಿರಂಗ ಪಂಥಕ್ಕೆ ಪೀಠವಾದ ಊರು ಗುಪ್ತ ಪಂಥಕ್ಕೂ ಪೀಠವಾಗಬೇಕೆಂಬುದು ನಮ್ಮ ಸಿದ್ಧಾಂತ. (ಮೈಸೂರು ಇತ್ತ ಬೆಳೆದ ಮೇಲೆ ಭೂಮಿಯೂ ಗುಪ್ತ ಪಂಥಕ್ಕೇ ಸೇರಿತೆಂದು ಕೆಲವರ ಮತ. ಅದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.)

ರಾಜಾಶ್ರಯಕ್ಕೂ ಕೊರತೆಯಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಎಲೆಯಾಟಗಳನ್ನು ವಿವರಿಸಿದ್ದಾರೆ. ಚಾಮುಂಡೇಶ್ವರಿ ಛದಕ್ಕೆ ಬೇಕಾದ ಎಲೆಗಳು 320. ಅದರಲ್ಲೊಂದನ್ನು ತೋಳಿನೊಳಗೆ ಜಾರಿಸಿದರೆ ಆಟಗಾರರಿಗೆ ಗೊತ್ತಾಗುವುದು ಮುಂದಿನ ದಸರಾಕ್ಕೆ. ನಮ್ಮ 52ರ ಬಡ ಪ್ಯಾಕಿಗೆ ಆ ಸುಖವಿಲ್ಲ.

ಇನ್ನು ಪ್ರಮಾಣಗ್ರಂಥ. 1902ರಲ್ಲಿ ಶಿಕಾಗೋದಲ್ಲಿ ಎಸ್. ಡಬ್ಲ್ಯು. ಅರ್ಡ್‌ನೇಸ್ ಎಂಬ ಹೆಸರಿನಲ್ಲಿ ಎಲೆ ಮೋಸದ ಪುಸ್ತಕವೊಂದು ಹೊರಬಂತು. ಆ ಹೆಸರಿನ ಹಿಂದೆ ಇದ್ದವರು ಯಾರೆಂದು ಈವರೆಗೆ ಖಚಿತವಾಗಿಲ್ಲ. ಸಿಕ್ಕಿಬೀಳದಿರುವುದನ್ನು ಕಲಿಸಲು ಅವರಿಗಿಂತ ಅರ್ಹರು ಬೇಕೆ?

ಪ್ಯಾಕನ್ನು ಸರಿಯಾಗಿ 26–26 ಮಾಡಿ, ಒಂದರ ಮಧ್ಯೆ ಒಂದರಂತೆ ಹೆಣೆದು, ಮೇಲಿನೆಲೆ ಮೇಲೇ ಉಳಿಯುವಂತೆ 8 ಸಲ ಕಲಸಿದರೆ ಎಲೆಗಳು ಮೊದಲಿನ ಕ್ರಮಕ್ಕೇ ಮರಳುತ್ತವೆ. ಗಣಿತ ನಿರ್ದುಷ್ಟವಾಗಿದೆ. ಇಲವಾಲದಲ್ಲಿ ಮಾತ್ರ ಮೂರನೆಯ ಸಲಕ್ಕೇ "ಸಾಕು ಹಾಕಪ್ಪ, ಬೆಳಗಾಯ್ತು" ಎನ್ನುತ್ತಾರೆ.

ಆದ್ದರಿಂದ ಈ ಪಂಥದಲ್ಲಿ ಕೈಗಿಂತ ಬಾಯಿ ದೊಡ್ಡದು. ಮೇಲಿನ ಎರಡೆಲೆಯನ್ನು ಒಂದೇ ಎಂಬಂತೆ ಎತ್ತಿ ಆಠೀನು ರಾಣಿ ತೋರಿಸಬೇಕು. ಮತ್ತೆ ಮಲಗಿಸಬೇಕು. ಆಮೇಲೆ ಮೇಲಿನದೊಂದನ್ನು ಮಾತ್ರ ಎದುರಿನವರ ಅಂಗೈಯಡಿ ಇಟ್ಟರೆ, ಅವರು ಕಳಾವರ ಮೂರನ್ನು ರಾಣಿಯೆಂದು ನಂಬಿ ತಾವೇ ಕಾಯುತ್ತಾರೆ. ಅಪಾಯವೆಲ್ಲ ಎತ್ತುವ ಆ ಗಳಿಗೆಯದು. ಆಗ "ಅಣ್ಣ, ಊಟ ಆಯ್ತಾ?" ಎನ್ನಬೇಕು. ಹಳೇ ಮೈಸೂರು ಸೀಮೆಯಲ್ಲಿ ಈ ಪ್ರಶ್ನೆಗೆ ಮುಖ ನೋಡದೆ ಉತ್ತರ ಕೊಡುವುದು ಅಸಭ್ಯತೆ. "ಆಯ್ತು, ನಿಂದು?" ಎಂದು ಕೇಳುವಷ್ಟರಲ್ಲಿ ಎರಡೆಲೆ ಎತ್ತಿ ಇಳಿಸಿಯೂ ಆಗಿರುತ್ತದೆ. ಪಾಶ್ಚಾತ್ಯರು ಇದಕ್ಕೆಂದು ರೇಷ್ಮೆ ವಸ್ತ್ರ, ಹೊಗೆ, ಸಹಾಯಕಿಯರನ್ನು ಇಟ್ಟುಕೊಳ್ಳುತ್ತಾರೆ. ದುಂದುವೆಚ್ಚ.

ಮದುವೆ ಛತ್ರದಲ್ಲಿ ರಾತ್ರಿಯಿಡೀ ರಮ್ಮಿ ಆಡಿ ಪಳಗಿದವರು ಊಟದ ಮಾತಿಗೂ ತಲೆ ಎತ್ತುವುದಿಲ್ಲ. ಅವರಿಗೆ "ನೀವೇ ಕಲಸಿ, ಭಾವ" ಎಂದು ಪ್ಯಾಕು ಒಪ್ಪಿಸುವುದೇ ಮದ್ದು. ವಾಪಸು ಪಡೆಯುವಾಗ ಅಡಿಯೆಲೆ ಕಣ್ಣಿಗೆ ಬಿದ್ದರೆ ಸಾಕು, ಮುಂದಿನ ದಾರಿ ಸುಗಮ. ತಾವೇ ಕಲಸಿದ ಎಲೆಯ ಮೇಲೆ ಅನುಮಾನಪಡುವ ಭಾವ ಇನ್ನೂ ಹುಟ್ಟಿಲ್ಲ. ಆರು ವರ್ಷದ ಮಗು ಎದುರಿಗಿದ್ದರೆ ಮಾತ್ರ ಶಾಸ್ತ್ರ ಕೈಚೆಲ್ಲುತ್ತದೆ. ಅದು ರಾಣಿಯನ್ನೂ ನೋಡದು, ಮುಖವನ್ನೂ ನೋಡದು. "ಮಾಮ, ಆ ಕೈ ತೋರ್ಸಿ" ಎನ್ನುತ್ತದೆ.

ಜಮಖಾನದ ಮೇಲೆ ಹತ್ತು ರೂಪಾಯಿ ಬಿದ್ದರೂ ಕಲೆ ಅಂದರ್-ಬಾಹರ್ ಆಗಿ, ವ್ಯಾಖ್ಯಾನಕಾರರ ಕೈತಪ್ಪಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕೈಗೆ ಹೋಗುತ್ತದೆ. ಅಭ್ಯಾಸಿಗಳಲ್ಲಿ ವಿನಂತಿ ಇಷ್ಟೇ: ಕಾಸು ಜೇಬಿನಲ್ಲೇ ಇರಲಿ. ಒಂದು ಆಟ ಒಂದೇ ಸಲ ಮಾಡಿ. ಯಾರಾದರೂ "ಇನ್ನೊಂದ್ಸಲ" ಎಂದ ಕೂಡಲೇ, ಹುಣಸೂರು ಬಸ್ಸು ಬಂತೆಂದು ಎದ್ದುಬಿಡಿ.