ಡ್ಯಾಶ್‌ಬೋರ್ಡ್ ಸಾಹೇಬರಿಗೆ ಹೊನ್ನಾವರದಿಂದೊಂದು ಪತ್ರ

ಆರೋಗ್ಯದ ಅಂಕಿ ತೋರಿಸುವ ಶ್ರೀಮಾನ್ ಡ್ಯಾಶ್‌ಬೋರ್ಡ್ ಸಾಹೇಬರಿಗೆ,

ಹೊನ್ನಾವರದ ಬಸುರಿಯರು, ಬಾಣಂತಿಯರು ಮತ್ತು ಅವರ ಹಿಂದೆ ಬಟ್ಟೆಗಂಟು ಹಿಡಿದು ಓಡುವ ನಾವೆಲ್ಲ ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ನೀವೇ ಹಸಿರು ಬಣ್ಣ ಬಳಿದು ಹಾಗೆಂದ ಮೇಲೆ ಅಲ್ಲವೆನ್ನಲು ನಾವ್ಯಾರು?

ಮೊದಲು ಅಭಿನಂದನೆ. 2019-21ರ ಎಸ್‌ಆರ್‌ಎಸ್ (ಮಾದರಿ ನೋಂದಣಿ) ಲೆಕ್ಕದಲ್ಲಿ ರಾಜ್ಯದ ತಾಯಿ ಮರಣ ಲಕ್ಷ ಜೀವಂತ ಜನನಕ್ಕೆ 63. ವಿಶ್ವಸಂಸ್ಥೆ 2030ಕ್ಕೆ ಇಟ್ಟ ಗುರಿ 70ರೊಳಗೆ. ನೀವು ಆಗಲೇ ಮುಟ್ಟಿಬಿಟ್ಟಿರಿ. ಕೇರಳದ್ದು 20, ತಮಿಳುನಾಡಿನದು 49. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಮುಂದು. ಯಾವುದರಲ್ಲಿ ಎಂದು ಕೇಳಿ ಸಮಾರಂಭ ಕೆಡಿಸುವುದು ಬೇಡ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಶೇ. 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಎಷ್ಟನೆಯ ಆಸ್ಪತ್ರೆಯಲ್ಲಿ ಎಂಬುದು ಮಾತ್ರ ಆ 97ರೊಳಗೆ ಕಾಣುವುದಿಲ್ಲ. ಅದೇ ಸಮೀಕ್ಷೆಯಲ್ಲಿ ರಕ್ತಹೀನ ಮಕ್ಕಳು ಶೇ. 60.9ರಿಂದ 65.5ಕ್ಕೆ ಏರಿದ್ದಾರೆ. ಏರಿಕೆ ಎಂದರೆ ಪ್ರಗತಿ ತಾನೇ?

ನಮ್ಮ ತಾಲ್ಲೂಕಿನ ಅಂಕಿ ಚೆಂದ ಕಾಣುವ ಗುಟ್ಟು ಹೇಳುತ್ತೇವೆ. 1969ರ ಜನನ-ಮರಣ ನೋಂದಣಿ ಕಾಯ್ದೆಯಂತೆ ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ. ಸಲೀಸಾದ ಹೆರಿಗೆ ಊರಲ್ಲಾಗುತ್ತದೆ. ಕಷ್ಟದ್ದು ನೂರು ಕಿಲೋಮೀಟರು ದಾಟಿ ಮಣಿಪಾಲ ಸೇರಿ ಉಡುಪಿ ಜಿಲ್ಲೆಯ ಜನನವಾಗುತ್ತದೆ. ಇನ್ನು ಚೊಚ್ಚಲ ಬಾಣಂತನ ತವರಿನಲ್ಲಿ ಎಂಬ ಪದ್ಧತಿ ನಿಮಗೆ ಯಾರೂ ಹೇಳಿಕೊಟ್ಟಂತಿಲ್ಲ. ತಾಯಿ ಕಾರ್ಡು ಗಂಡನ ಊರಿನದು, ಬಸುರಿ ತವರಿನಲ್ಲಿ, ಹೆರಿಗೆ ಮೂರನೇ ಊರಿನಲ್ಲಿ. ಒಬ್ಬಳನ್ನೇ ಮೂರು ಕಡೆ ಹುಡುಕುತ್ತೀರಿ, ಇಲ್ಲವೇ ಮೂರೂ ಕಡೆ ಬಿಡುತ್ತೀರಿ.

ಘಟ್ಟದ ಬುಡದ ಹಳ್ಳಿಯಲ್ಲಿ ನಿಮ್ಮ ಹೊಟ್ಟೆ ತುಂಬಿಸುವವಳು ಆಶಾ ಕಾರ್ಯಕರ್ತೆ. ಮಳೆಗಾಲದಲ್ಲಿ ರಿಜಿಸ್ಟರನ್ನು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ, ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು, ಸಂಕದಾಚೆಯ ಬಸುರಿಯನ್ನು ವಿಚಾರಿಸಿ ಬರುತ್ತಾಳೆ. ಆಮೇಲೆ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕು. ಆರ್‌ಸಿಎಚ್ ಎಂಬ ತಾಯಿ-ಮಕ್ಕಳ ಪೋರ್ಟಲಿಗೆ ದಾಖಲಾಗದ ಕೆಲಸ ಆಗಿಯೇ ಇಲ್ಲ, ಕಾಸೂ ಇಲ್ಲ. ಪ್ರೋತ್ಸಾಹಧನವನ್ನು ಪೋರ್ಟಲಿನಿಂದ ಬಿಡಿಸಿ ಎಂದು ಆಶಾಗಳು ಬೆಂಗಳೂರಿಗೇ ಬಂದು ಧರಣಿ ಕೂತಿದ್ದರು. ಹಾಗೆ ಕೂತವರ ಸಂಖ್ಯೆ ನಿಮ್ಮಲ್ಲಿ ದಾಖಲಾಯಿತೇ? ಮಗು ಹುಟ್ಟಿದ ಮೇಲೆ ಅತ್ತ ಅಂಗನವಾಡಿ ಟೀಚರು ಅದನ್ನು ತೂಗಿ ಪೋಷಣ್ ಟ್ರ್ಯಾಕರಿಗೆ ಹಾಕುತ್ತಾರೆ. ಹೀಗೆ ತೂಗಿಸಿಕೊಂಡೇ ಮಗು ದಪ್ಪಗಾಗಬೇಕಿತ್ತು.

ತಾಯಿ ಸತ್ತರೆ ನಿಮ್ಮವರು ಮೂರು ವಿಳಂಬ ಹುಡುಕುತ್ತಾರಂತೆ: ಆಸ್ಪತ್ರೆಗೆ ಹೋಗೋಣವೆಂದು ನಿರ್ಧರಿಸುವುದರಲ್ಲಿ, ಆಸ್ಪತ್ರೆ ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ. ಎರಡನೆಯದನ್ನು ನಾವು ಹೆದ್ದಾರಿ 66 ಎನ್ನುತ್ತೇವೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಅದೇ ಹೆದ್ದಾರಿಯ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ಸತ್ತರು. ನಮ್ಮ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಕೊಡಿ ಎಂಬ ಹಳೆಯ ಕೂಗು ಆಗ ಮತ್ತೆ ಎದ್ದಿತು. ಪುಣ್ಯಕ್ಕೆ ಆ ನಾಲ್ಕು ಸಾವುಗಳು ರಸ್ತೆ ಅಪಘಾತದ ಕಾಲಮ್ಮಿಗೆ ಹೋದವು. ಆರೋಗ್ಯದ ಅಂಕಿಗೆ ಧಕ್ಕೆಯಾಗಲಿಲ್ಲ.

ಆಸ್ಪತ್ರೆ ಕೇಳಿ ನಿಮ್ಮನ್ನು ಮುಜುಗರಪಡಿಸುವುದಿಲ್ಲ, ಅದು ನಿಮ್ಮ ಇಲಾಖೆಯಲ್ಲ. ಕಾಲಮ್ಮು ಕೊಡುವುದು ನಿಮ್ಮ ಕೈಲಿದೆ. ಸಾವು-ಹುಟ್ಟನ್ನು ತಾಯಿಯ ವಿಳಾಸದ ಮೇಲೆ, ತಾಲ್ಲೂಕುವಾರು ತೋರಿಸಿ. ಮೊದಲ ಆಸ್ಪತ್ರೆಯಿಂದ ಕೊನೆಯ ಆಸ್ಪತ್ರೆಗೆ ಎಷ್ಟು ತಾಸಾಯಿತೆಂದು ಬರೆಯಿರಿ. ತಾಯಿ ಮರಣದ ಪರಿಶೀಲನೆಯಲ್ಲಿ ಏನು ಸಿಕ್ಕಿತೋ ಅದನ್ನು ಹೆಸರು ಮುಚ್ಚಿ, ಕಾರಣ ಬಿಚ್ಚಿ ಎಲ್ಲರ ಮುಂದಿಡಿ. ನೆರೆಯ ಭಟ್ಕಳ, ಕುಮಟಾದವರದೂ ಇದೇ ಅರ್ಜಿ. ಅವರನ್ನು ಬೇರೆ ಬರೆಯಲು ಹಚ್ಚಬೇಡಿ.

ಇತಿ,
ಉಡುಪಿ ಜಿಲ್ಲೆಯಲ್ಲಿ ಹುಟ್ಟುವ ಹೊನ್ನಾವರದವರು

ವಿ.ಸೂ.: ಉತ್ತರ 42 ದಿನದೊಳಗೆ ಬರಲಿ. ಹೆರಿಗೆಯಾಗಿ ಅಷ್ಟು ದಿನ ದಾಟಿದ ಮೇಲೆ ಸತ್ತವಳನ್ನು ನೀವು ತಾಯಿ ಮರಣಕ್ಕೆ ಸೇರಿಸುವುದಿಲ್ಲ.