ಬಡವಾ, ನೀ ಮಡಗಿದ ಹಾಗಿರು

ಅಮೆರಿಕದಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ ಮದುವೆಯಾಗಬಹುದು. ಸ್ವಾತಂತ್ರ್ಯದ ನಾಡು ನೋಡಿ. ಆದರೆ ಕಟ್ಟಿಕೊಂಡ ಹೆಂಡತಿ ಹೊರದೇಶದವಳಾಗಿದ್ದು, ಅವಳನ್ನು ಮನೆಗೆ ಕರೆಸಿಕೊಳ್ಳಬೇಕೆಂದರೆ ಮಾತ್ರ ಸಂಬಳದ ಚೀಟಿ ತೋರಿಸಬೇಕು. ಪ್ರೀತಿ ಪುಕ್ಕಟೆ. ಸಂಸಾರಕ್ಕೆ 26,437 ಡಾಲರ್.

ಇದು 2025ರ ದರ. ಇಬ್ಬರ ಸಂಸಾರಕ್ಕೆ ಅಲ್ಲಿನ ಸರ್ಕಾರ ಆಗ ಎಳೆದ ಬಡತನದ ಗೆರೆ ವರ್ಷಕ್ಕೆ 21,150 ಡಾಲರ್. ಹೆಂಡತಿಯನ್ನು ಕರೆಸಿಕೊಳ್ಳುವವನ ವರಮಾನ ಅದರ ಶೇ 125ರಷ್ಟಿರಬೇಕು. ಅಂದರೆ ಬಡವನಾಗಿಲ್ಲದಿದ್ದರೆ ಸಾಲದು, ಗೆರೆಯಿಂದ ಇನ್ನೂ ಕಾಲು ಪಾಲು ದೂರದಲ್ಲಿ ನಿಂತಿರಬೇಕು. ಗೆರೆಗೆ ತಾಗಿ ನಿಂತವನು ಪ್ರೀತಿಗೆ ಅನರ್ಹ.

ಇದನ್ನೆಲ್ಲ ಬರೆದುಕೊಡುವ ಕಾಗದದ ಹೆಸರು ಐ-864. ಹತ್ತು ಹನ್ನೆರಡು ಪುಟದ ಜಾಮೀನು ಪತ್ರ. ‘ನಾಳೆ ಈಕೆ ಸರ್ಕಾರದ ನೆರವು ಪಡೆದರೆ ಅದನ್ನು ನನ್ನಿಂದ ವಸೂಲು ಮಾಡಿ, ಈಕೆಯನ್ನು ಗೆರೆಯ ಮೇಲೆ ಇಡುವ ಹೊಣೆ ನನ್ನದು’ ಎಂದು ಗಂಡ ಸಹಿ ಹಾಕಬೇಕು. ಟ್ಯಾಕ್ಸ್ ರಿಟರ್ನ್ ಲಗತ್ತಿಸಬೇಕು. ಕೆಲಸದ ಪತ್ರ, ಪೇ ಸ್ಲಿಪ್ಪುಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಗಂಡನಿಗೆ ಬಡತನವಿದೆಯೋ ಇಲ್ಲವೋ ಎಂದು ಪರಿಶೀಲಿಸಲು ಅವನಿಂದಲೇ 120 ಡಾಲರ್ ಶುಲ್ಕ ಕೀಳುತ್ತಾರೆ. ವೀಸಾ ಅರ್ಜಿಗೆ ಬೇರೆ 325. ‘ಇವಳು ನನ್ನ ಹೆಂಡತಿ’ ಎಂದು ಮೊದಲು ಅರ್ಜಿ ಹಾಕಿದ್ದಕ್ಕೆ, 2024ರ ಏಪ್ರಿಲ್‌ನ ದರಪಟ್ಟಿಯಂತೆ, ಕಾಗದದಲ್ಲಾದರೆ 675.

ಈಗ ತಮಾಷೆ ನೋಡಿ. ಅಲ್ಲಿನ ಕೇಂದ್ರ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. 2009ರಲ್ಲಿ ಮಾಡಿದ್ದು. ಆಮೇಲೆ ಅದಕ್ಕೆ ಒಂದು ಸೆಂಟೂ ಸೇರಿಲ್ಲ. ಹಲವು ರಾಜ್ಯಗಳು ತಮ್ಮ ಪಾಡಿಗೆ ಹೆಚ್ಚಿಸಿಕೊಂಡಿವೆ. ಟೆಕ್ಸಸ್, ಅಲಬಾಮಾ, ಮಿಸಿಸಿಪ್ಪಿಗಳಿಗೆ ಆ ಪುಣ್ಯವೂ ಇಲ್ಲ.

ವಾರಕ್ಕೆ ನಲವತ್ತು ಗಂಟೆ, ವರ್ಷದ ಐವತ್ತೆರಡು ವಾರವೂ ಒಂದು ದಿನ ತಪ್ಪದೆ ದುಡಿದರೆ ಕೈಗೆ ಬರುವುದು 15,080 ಡಾಲರ್. ಒಬ್ಬನೇ ಇದ್ದರೂ 2025ರ ಬಡತನದ ಗೆರೆ 15,650. ಸರ್ಕಾರ ಹೇಳಿದ ಕೂಲಿಗೆ ದುಡಿದವನು ಸರ್ಕಾರದ ಲೆಕ್ಕದಲ್ಲೇ ಬಡವ. ಇಷ್ಟು ಕೊಟ್ಟರೆ ಸಾಕು ಎಂದು ಮಾಲೀಕನಿಗೆ ಹೇಳಿದ್ದು ಯಾರು? ಸರ್ಕಾರ. ಇಷ್ಟು ಸಾಲದು, ಹೆಂಡತಿಯನ್ನು ಅಲ್ಲೇ ಬಿಡು ಎಂದು ಕೂಲಿಯವನಿಗೆ ಹೇಳುತ್ತಿರುವುದು ಯಾರು? ಅದೇ ಸರ್ಕಾರ.

ಇಲ್ಲ, ದಾರಿಯಿದೆ. ವರಮಾನ ಕಡಿಮೆ ಬಿದ್ದರೆ ಆಸ್ತಿ ತೋರಿಸಬಹುದು. ಹೆಂಡತಿಯ ವಿಷಯದಲ್ಲಿ ಅಮೆರಿಕನ್ ಪ್ರಜೆಗೆ ಸರ್ಕಾರ ದೊಡ್ಡ ಮನಸ್ಸು ಮಾಡಿದೆ. ಕೊರತೆಯ ಐದು ಪಟ್ಟು ಬೇಡ, ಮೂರು ಪಟ್ಟು ಸಾಕು. ಈ ಕೂಲಿಯವನ ಲೆಕ್ಕಕ್ಕೆ ಅದು 34 ಸಾವಿರ ಡಾಲರ್ ಚಿಲ್ಲರೆ. ವರ್ಷಕ್ಕೆ ಹದಿನೈದು ಸಾವಿರ ದುಡಿಯುವವನು ಬ್ಯಾಂಕಿನಲ್ಲಿ ಮೂವತ್ನಾಲ್ಕು ಸಾವಿರ ಇಟ್ಟಿರಬೇಕು. ಇಟ್ಟಿದ್ದರೆ ಆ ಕೂಲಿಗೆ ಏಕೆ ಹೋಗುತ್ತಿದ್ದ ಎಂದು ಕೇಳುವ ಜಾಗ ಫಾರಂನಲ್ಲಿಲ್ಲ.

ಸೈನ್ಯದಲ್ಲಿದ್ದರೆ ಶೇ 125 ಬೇಡ, ಶೇ 100 ಸಾಕು. ದೇಶಕ್ಕಾಗಿ ಪ್ರಾಣ ಕೊಡಲು ಸಿದ್ಧನಾದವನಿಗೆ ಹೆಂಡತಿಯ ಮೇಲೆ ಐದರಲ್ಲಿ ಒಂದು ಪಾಲು ರಿಯಾಯಿತಿ. ಪೂರ್ತಿ ಮಾಫಿ ಮಾಡಲು ಮನಸ್ಸು ಬರಲಿಲ್ಲ.

ಈ ಗೆರೆ ಬಂದದ್ದಾದರೂ ಎಲ್ಲಿಂದ? 1960ರ ದಶಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆಯಲ್ಲಿದ್ದ ಮಾಲಿ ಒರ್ಷಾನ್‌ಸ್ಕಿ ಎಂಬ ಅರ್ಥಶಾಸ್ತ್ರಜ್ಞೆ ಹಾಕಿದ ಲೆಕ್ಕ ಅದು. ತೀರಾ ಕಡಿಮೆ ಖರ್ಚಿನಲ್ಲಿ ಒಂದು ಸಂಸಾರ ಹೊಟ್ಟೆ ಹೊರೆಯಲು ಎಷ್ಟು ಬೇಕು ಎಂದು ತೆಗೆದುಕೊಂಡರು. ಅದನ್ನು ಮೂರರಿಂದ ಗುಣಿಸಿದರು. 1955ರ ಸಮೀಕ್ಷೆಯಲ್ಲಿ ಜನ ವರಮಾನದ ಮೂರನೇ ಒಂದು ಪಾಲನ್ನು ಊಟಕ್ಕೆ ಸುರಿಯುತ್ತಿದ್ದರಲ್ಲ, ಅದಕ್ಕೆ. ಆಮೇಲೆ ಆಗಿರುವುದೆಲ್ಲ ಬೆಲೆಯೇರಿಕೆಯ ಒಗ್ಗರಣೆ ಅಷ್ಟೆ.

ಎಷ್ಟಿದ್ದರೆ ಸಾಕು ಎಂದು ಹೇಳಲಾಗದಿದ್ದರೂ ಎಷ್ಟಿದ್ದರೆ ಸಾಲದು ಎಂದಾದರೂ ಹೇಳಬಹುದು ಎಂಬುದು ಆ ತಾಯಿಯ ವಾದವಾಗಿತ್ತು. ಆಕೆ ಉಕ್ರೇನಿನಿಂದ ವಲಸೆ ಬಂದ ಬಡ ದಂಪತಿಯ ಮಗಳು. ಬಡತನವನ್ನು ಅಳೆಯಲೆಂದು ಎಳೆದ ಆ ಗೆರೆ ಈಗ ವಲಸಿಗರನ್ನು ಬಾಗಿಲಲ್ಲೇ ತಡೆಯುವ ಹಗ್ಗವಾಗಿದೆ.

ಅಮೆರಿಕದ 1882ರ ವಲಸೆ ಕಾನೂನಿನಲ್ಲೇ ಸಾರ್ವಜನಿಕರಿಗೆ ಹೊರೆಯಾಗುವವರನ್ನು ಒಳಗೆ ಬಿಡಬೇಡಿ ಎಂದಿತ್ತು. ಸರಿ, ಯಾವ ದೇಶವೂ ಹೊರೆ ಬೇಕೆನ್ನುವುದಿಲ್ಲ. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಒಂದೇ ವರ್ಷದಲ್ಲಿ ಎರಡು ಕಾನೂನಿಗೆ ಸಹಿ ಹಾಕಿದರು. ಆಗಸ್ಟಿನದ್ದು ಹೇಳಿತು: ಹೊಸದಾಗಿ ಗ್ರೀನ್ ಕಾರ್ಡ್ ಪಡೆದ ಹೆಚ್ಚಿನವರಿಗೆ ಮೊದಲ ಐದು ವರ್ಷ ಕೇಂದ್ರದ ಬಹುಪಾಲು ನೆರವು ಇಲ್ಲ. ಅದೂ ಸೆಪ್ಟೆಂಬರಿನದ್ದೂ ಸೇರಿ ಹೇಳಿದವು: ಅವರು ನೆರವು ಪಡೆದರೆ ಜಾಮೀನುದಾರನಿಂದ ವಸೂಲು ಮಾಡಿ.

ಮತ್ತೊಮ್ಮೆ ಓದಿ. ಐದು ವರ್ಷ ಕೊಡುವುದೇ ಇಲ್ಲದ ದುಡ್ಡಿಗೆ ಮೊದಲ ದಿನವೇ ಜಾಮೀನು!

ವಸೂಲಾದರೂ ಮಾಡಿದರೇ? 1997ರ ಡಿಸೆಂಬರಿನಿಂದ ಫಾರಂ ಜಾರಿಯಲ್ಲಿದೆ. 2019ರ ಮೇನಲ್ಲಿ ಅಧ್ಯಕ್ಷ ಟ್ರಂಪ್ ಇಲಾಖೆಗಳಿಗೆ ಜ್ಞಾಪನಾಪತ್ರ ಬರೆದು, ಇರುವ ಕಾನೂನನ್ನು ಜಾರಿ ಮಾಡಿ ಎಂದು ಹೇಳಬೇಕಾಯಿತು. ಇಪ್ಪತ್ತೊಂದು ವರ್ಷ ಸಹಿ ಹಾಕಿಸಿಕೊಂಡದ್ದು ಏತಕ್ಕೆ? ಹೆದರಿಸಲಿಕ್ಕೆ.

ಹೆಂಡತಿ ದುಡಿಯುವವಳಾದರೆ? ವೈಟ್‌ಫೀಲ್ಡಿನಲ್ಲಿ ತಿಂಗಳಿಗೆ ಮೂರು ಲಕ್ಷ ತರುವ ಸಾಫ್ಟ್‌ವೇರ್ ಎಂಜಿನಿಯರ್ ಎಂದುಕೊಳ್ಳಿ. ಆ ಸಂಬಳ ಲೆಕ್ಕಕ್ಕಿಲ್ಲ. ಅಮೆರಿಕಕ್ಕೆ ಹೋದ ಮೇಲೂ ಅದೇ ಮೂಲದಿಂದ ಬರುವಂತಿದ್ದರೆ ಮಾತ್ರ ಲೆಕ್ಕ. ಗಂಡನ ಹತ್ತಿರ ಹೋಗಲು ಆಕೆ ಕೆಲಸ ಬಿಡಬೇಕು. ಬಿಟ್ಟರೆ ಸೊನ್ನೆ. ಅವಳ ಹೆಸರಿನ ಸೈಟು, ಎಫ್‌ಡಿಗಳನ್ನು ಬೇಕಾದರೆ ಆಸ್ತಿಯೆಂದು ತೋರಿಸಬಹುದು. ಅಪ್ಪ ಕೊಟ್ಟ ಮಣ್ಣಿಗೆ ಬೆಲೆಯಿದೆ. ಅವಳ ತಲೆಗಿಲ್ಲ. ಈ ವಿದ್ಯೆಯನ್ನು ನಮ್ಮ ಬೀಗರಿಂದಲೇ ಕಲಿತಿರಬೇಕು.

ಗಂಡನೂ ಬೆಂಗಳೂರಿನಲ್ಲೇ ಇದ್ದರೆ ಇನ್ನೂ ಚೆಂದ. ಅಮೆರಿಕನ್ ಪ್ರಜೆ ಜಗತ್ತಿನ ಯಾವ ಮೂಲೆಯಲ್ಲಿದ್ದರೂ, ವರಮಾನ ಮಿತಿ ದಾಟಿದರೆ, ಅಮೆರಿಕಕ್ಕೆ ಟ್ಯಾಕ್ಸ್ ರಿಟರ್ನ್ ಸಲ್ಲಿಸಬೇಕು. ತೆರಿಗೆಯ ಹೊತ್ತಿಗೆ ಅವನು ಅಪ್ಪಟ ಅಮೆರಿಕದವನು. ಜಾಮೀನಿನ ಹೊತ್ತಿಗೆ ಮಾತ್ರ, ‘ನೀನು ಅಮೆರಿಕದಲ್ಲಿ ವಾಸವಿದ್ದೀಯಾ? ಪುರಾವೆ ಎಲ್ಲಿ?’ ಹೆಂಡತಿಯನ್ನು ಬಿಟ್ಟು ತಾನು ಮೊದಲು ಹೋಗಿ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಕೆಲಸ ಎಲ್ಲ ಮಾಡಿಕೊಳ್ಳಬೇಕು. ಇಲ್ಲವೇ ಆಕೆಯ ಜೊತೆಗೇ ಹೋಗಿ ನೆಲೆಸುತ್ತೇನೆಂದು ನಂಬಿಸಬೇಕು. ಕುಟುಂಬವನ್ನು ಒಂದು ಮಾಡುವ ವೀಸಾ ಎಂದು ಇದನ್ನೇ ಕರೆಯುವುದು.

ನಮ್ಮಲ್ಲಿ ಹೊಸ ದಂಪತಿಯನ್ನು ಅಗಲಿಸುವ ಆಷಾಢ ಒಂದೇ ತಿಂಗಳು. ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನ ಸಿಗುವವರೆಗಿನ ಆಷಾಢ ವರ್ಷ ದಾಟುತ್ತದೆ.

ಗಂಡನ ಸಂಬಳ ಸಾಲದೇ ಹೋದರೆ ಇನ್ನೊಬ್ಬ ಜಾಮೀನುದಾರನನ್ನು ಹುಡುಕಬಹುದು. ಪ್ರಜೆಯೋ ಗ್ರೀನ್ ಕಾರ್ಡಿನವನೋ ಆಗಿದ್ದು, ಅಲ್ಲೇ ನೆಲೆಸಿದ್ದು, ವರಮಾನವಿದ್ದರೆ ಸಾಕು. ನೆಂಟನೇ ಆಗಬೇಕಿಲ್ಲ. ಆಗ ಫೋನು ಹೀಗೆ ಹೋಗುತ್ತದೆ:

‘ಅಣ್ಣಾ, ರಾಜ್ಯೋತ್ಸವದಲ್ಲಿ ಸಿಕ್ಕಿದ್ವಲ್ಲ, ನಾನೇ. ಒಂದು ಸಹಿ ಬೇಕಿತ್ತು.’

‘ಅದಕ್ಕೇನಪ್ಪ, ಎಷ್ಟು ದಿನಕ್ಕೆ?’

‘ಅವಳು ಸಿಟಿಜನ್ ಆಗೋವರೆಗೆ ಅಣ್ಣ. ಇಲ್ಲಾಂದ್ರೆ ಹತ್ತು ವರ್ಷ ದುಡಿಯೋವರೆಗೆ. ಇಲ್ಲಾಂದ್ರೆ ದೇಶ ಬಿಟ್ಟು ಹೋಗೋವರೆಗೆ. ಇಲ್ಲಾಂದ್ರೆ ಯಾರಾದ್ರೂ ಒಬ್ರು ಸಾಯೋವರೆಗೆ.’

‘ಅಲ್ಲಪ್ಪಾ, ಅಕಸ್ಮಾತ್ ನಿಮ್ಮಿಬ್ಬರಿಗೇ ಸರಿಹೋಗದೆ ಬೇರೆ ಆಗಿಬಿಟ್ರೆ?’

‘ಆಗಲೂ ಅಣ್ಣ.’

‘ನಿಮ್ಮ ಅತ್ತಿಗೇನ ಒಂದು ಮಾತು ಕೇಳಿ ಹೇಳ್ತೀನಪ್ಪ.’

ಆ ಅಣ್ಣ ಮತ್ತೆ ಫೋನ್ ಎತ್ತುವುದಿಲ್ಲ. ಅವನನ್ನು ದೂರುವಂತೆಯೂ ಇಲ್ಲ. ಅವನು ಕೇಳಿದ ಕೊನೆಯ ಪ್ರಶ್ನೆ ಇದೆಯಲ್ಲ, ಅದೇ ಈ ಕಾಗದದ ಹೂರಣ. ವಿಚ್ಛೇದನದಿಂದ ಐ-864ರ ಹೊಣೆ ತೀರುವುದಿಲ್ಲ. ಹೊಣೆ ತೀರುವ ಮುನ್ನ ಗಂಡ ಎರಡನೇ ಮದುವೆಯಾಗಿ, ಆಕೆಯನ್ನೂ ಹೊರಗಿನಿಂದ ಕರೆಸಬೇಕೆಂದರೆ, ‘ನಿಮ್ಮ ಮನೆಯಲ್ಲಿ ಎಷ್ಟು ಜನ?’ ಎಂಬ ಪ್ರಶ್ನೆಗೆ ಮೊದಲ ಹೆಂಡತಿಯನ್ನೂ ಸೇರಿಸಿ ಉತ್ತರಿಸಬೇಕು. ನ್ಯಾಯಾಲಯ ಬಿಡಿಸಿದ ಗಂಟನ್ನು ವಲಸೆ ಇಲಾಖೆ ಬಿಗಿಯಾಗಿ ಹಿಡಿದುಕೊಂಡಿದೆ. ಮದುವೆ ಪವಿತ್ರ ಬಂಧನ ಎಂದು ಭಾಷಣ ಮಾಡುವ ನಮ್ಮ ಮಠಾಧೀಶರಿಗೂ ಇಷ್ಟು ನಿಷ್ಠೆ ಇರಲಾರದು.

2012ರಲ್ಲಿ ಶಿಕಾಗೋದ ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಇನ್ನೊಂದು ಮಾತು ಖಚಿತಪಡಿಸಿದರು. ವಿಚ್ಛೇದಿತ ಪತ್ನಿ ಈ ಕಾಗದ ಹಿಡಿದು ಜೀವನಾಂಶ ಕೇಳಿದರೆ, ಮೊದಲು ಕೆಲಸ ಹುಡುಕು ಎಂದು ಆಕೆಗೆ ಹೇಳುವಂತಿಲ್ಲ. 2016ರಲ್ಲಿ ಅಲ್ಲಿನ ಇನ್ನೊಂದು ಮೇಲ್ಮನವಿ ನ್ಯಾಯಾಲಯ, ಮದುವೆಗೆ ಮುಂಚೆ ಮಾಡಿಕೊಂಡ ಕರಾರಿನಿಂದಲೂ ಈ ಹೊಣೆ ತಪ್ಪುವುದಿಲ್ಲ ಎಂದಿತು. ಸಹಿ ಹಾಕುವಾಗ ಇದನ್ನೆಲ್ಲ ಓದುವವರೆಷ್ಟು ಜನ? ಫೋನಿನ ಆ್ಯಪ್‌ಗಳಿಗೆ ‘ಒಪ್ಪಿದ್ದೇನೆ’ ಎಂದು ಒತ್ತುವ ಜಾತಿ ನಮ್ಮದು.

ಇನ್ನು ದುಡ್ಡಿದ್ದವರ ಬಾಗಿಲು. ಕನಿಷ್ಠ ಎಂಟು ಲಕ್ಷ ಡಾಲರ್ ಹೂಡಿದರೆ ಇಬಿ-5 ವೀಸಾ. 2025ರ ಸೆಪ್ಟೆಂಬರಿನಲ್ಲಿ ಬಂತು ನೋಡಿ ಟ್ರಂಪ್ ಗೋಲ್ಡ್ ಕಾರ್ಡ್. ಸರ್ಕಾರಕ್ಕೆ ಹತ್ತು ಲಕ್ಷ ಡಾಲರ್ ‘ಕೊಡುಗೆ’ ಕೊಟ್ಟವರಿಗೆ ಬೇಗ ಬಾಗಿಲು ತೆರೆಯುತ್ತದೆ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇದನ್ನೇ ಮೇಜಿನ ಕೆಳಗೆ ಕೊಟ್ಟರೆ ಲೋಕಾಯುಕ್ತರು ಬರುತ್ತಾರೆ. ಅಲ್ಲಿ ಮೇಜಿನ ಮೇಲೇ ಇಡಬಹುದು. ಮುಂದುವರಿದ ದೇಶ.

ಬ್ರಿಟನ್ ಹಿಂದೆ ಬಿದ್ದಿಲ್ಲ. 2012ರಲ್ಲಿ ಹೊರದೇಶದ ಸಂಗಾತಿಯನ್ನು ಕರೆಸಲು ವರ್ಷಕ್ಕೆ 18,600 ಪೌಂಡ್ ವರಮಾನ ಬೇಕಿತ್ತು. 2024ರ ಏಪ್ರಿಲ್ 11ರಂದು ಒಂದೇ ಏಟಿಗೆ 29,000. 2025ರ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್. ವಾರಕ್ಕೆ ನಲವತ್ತು ಗಂಟೆ ದುಡಿದರೂ ವರ್ಷಕ್ಕೆ 25,400 ಮುಟ್ಟುವುದಿಲ್ಲ. ದೇಶ ಬೇರೆ, ಬುದ್ಧಿ ಒಂದೇ.

ನಾವು ಮೇಲು ಎಂದು ಮೀಸೆ ತಿರುವಬೇಡಿ. ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಒಸಿಐ ಕಾರ್ಡ್ ಸಿಗುವುದು, ನೋಂದಣಿಯಾದ ಮದುವೆ ಎರಡು ವರ್ಷ ಬಾಳಿದ ಮೇಲೆ. ಮದುವೆ ಮುರಿದರೆ ಕಾರ್ಡ್ ರದ್ದು ಮಾಡಬಹುದು ಎಂದು ಪೌರತ್ವ ಕಾಯಿದೆಯಲ್ಲೇ ಬರೆದಿದೆ. ವಿಚ್ಛೇದನವಾದರೂ ನೀನೇ ಸಾಕು ಎನ್ನುತ್ತದೆ ಅಮೆರಿಕ. ವಿಚ್ಛೇದನವಾಯಿತೇ, ನಡಿ ಆಚೆಗೆ ಎನ್ನುತ್ತೇವೆ ನಾವು. ‘ಅತಿಥಿ ದೇವೋಭವ’ ಬೋರ್ಡು ಮಾತ್ರ ವಿಮಾನ ನಿಲ್ದಾಣದಲ್ಲಿ ಹಾಗೇ ಇರುತ್ತದೆ.

ಐ-864ರ ಗುರಿ ಹೊರಗಿನವಳು ಎಂದು ಎಲ್ಲರೂ ತಿಳಿದಿದ್ದಾರೆ. ತಪ್ಪು. ಅದು ಅಳೆಯುವುದು ಒಳಗಿನವನನ್ನು. ಪಾಸ್‌ಪೋರ್ಟ್ ಒಂದೇ, ಮತ ಒಂದೇ, ತೆರಿಗೆ ಕಾನೂನು ಒಂದೇ. ಹೆಂಡತಿಯ ಜೊತೆ ಬಾಳುವ ಹಕ್ಕು ಮಾತ್ರ ಸಂಬಳಕ್ಕೆ ತಕ್ಕಂತೆ. ಶ್ರೀಮಂತ ಪ್ರಜೆಗೆ ಅದು ಒಂದು ಫಾರಂ, ಬಡ ಪ್ರಜೆಗೆ ಗೋಡೆ.

ನಮ್ಮ ಹೆಣ್ಣು ಹೆತ್ತವರಿಗೆ ಒಂದು ಮಾತು. ಅಮೆರಿಕದ ಗಂಡು ಎಂದೊಡನೆ ಛತ್ರ ಬುಕ್ ಮಾಡಲು ಓಡಬೇಡಿ. ಎಚ್-1ಬಿ ಉದ್ಯೋಗ ವೀಸಾದಲ್ಲಿರುವ ಗಂಡನ ಜೊತೆ ಎಚ್-4 ವೀಸಾದಲ್ಲಿ ಹೋಗುವವಳಿಗೆ ಈ ಜಾಮೀನೇ ಇಲ್ಲ, ಅದು ನಿಮಗೆ ಗೊತ್ತಿರಲಿ. ಗಂಡು ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡಿನವನೋ ಆಗಿದ್ದು ಮಗಳನ್ನು ವಲಸೆ ವೀಸಾದಲ್ಲಿ ಕರೆಸಿಕೊಳ್ಳುತ್ತಿದ್ದರೆ, ಜಾತಕದ ಜೊತೆಗೆ ಹೋದ ವರ್ಷದ ಟ್ಯಾಕ್ಸ್ ರಿಟರ್ನನ್ನೂ ಕೇಳಿ. ಸಂಕೋಚ ಬೇಡ, ಅಲ್ಲಿನ ಸರ್ಕಾರವೇ ಕೇಳುತ್ತದೆ.

ಆತ ಸಹಿ ಹಾಕಿದ ಐ-864ರ ಪೂರ್ತಿ ಪ್ರತಿಯೊಂದನ್ನು ಮಗಳ ಕೈಗೆ ಕೊಟ್ಟು ಕಳಿಸಿ. ಹೋದಲ್ಲಿ ಕೈಬಿಟ್ಟ ಗಂಡಂದಿರ ಕಥೆಗಳನ್ನು ಸಾಕಷ್ಟು ಕೇಳಿದ್ದೀರಿ. ಸರ್ಕಾರ ತನ್ನ ಬೊಕ್ಕಸಕ್ಕಾಗಿ ಬರೆಸಿಕೊಂಡ ಕಾಗದವಾದರೂ, ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವ ಹಕ್ಕು ಆಕೆಗಿದೆ.