ರಣರಂಗದಲ್ಲೊಂದು ನಿದ್ರೆ

ಪಂದ್ಯವೆಂದರೆ ಇಬ್ಬರ ನಡುವೆ ನಡೆಯತಕ್ಕದ್ದು ಎಂಬ ನಂಬಿಕೆ ಲೋಕದಲ್ಲಿ ರೂಢಮೂಲವಾಗಿದೆ. ಅಖಾಡದಲ್ಲಿ ಇಬ್ಬರು ಜಟ್ಟಿಗಳನ್ನೂ, ಚದುರಂಗದ ಮಣೆಯ ಎರಡು ಬದಿಗೆ ಇಬ್ಬರು ಮೌನಿಗಳನ್ನೂ, ನ್ಯಾಯಸ್ಥಾನದಲ್ಲಿ ಇಬ್ಬರು ವಕೀಲರನ್ನೂ ನೋಡುತ್ತ ಬೆಳೆದವರಿಗೆ ಹಾಗೆ ತೋರುವುದು ಸಹಜವೇ. ಆದರೆ ಪೆಟ್ಟು ತಿನ್ನುವವನು ಒಬ್ಬ, ಪದಕ ಧರಿಸುವವನು ಮತ್ತೊಬ್ಬ ಎಂಬ ಸುಖಕರವಾದ ಏರ್ಪಾಡಿರುವ ಪಂದ್ಯಗಳಲ್ಲಿ ಲೆಕ್ಕ ತುಸು ಬದಲಾಗುತ್ತದೆ. ಅಲ್ಲಿ ಪ್ರತಿಯೊಬ್ಬನಿಗೂ ಎದುರಾಳಿಗಳು ಇಬ್ಬರು. ಕಣದ ಆಚೆಯ ತುದಿಯಲ್ಲಿ ನಿಂತು ಹೂಂಕರಿಸುವ ಪ್ರತಿಸ್ಪರ್ಧಿ ಒಬ್ಬನಾದರೆ, ತನ್ನ ಪರವಾಗಿಯೇ ಕಣಕ್ಕಿಳಿದ ಬಂಟ ಇನ್ನೊಬ್ಬ. ಕರ್ಣನಿಗೆ ಎದುರಿನ ಅರ್ಜುನನಿಂದ ಒದಗಿದ ಕಷ್ಟವೆಷ್ಟು, ತನ್ನದೇ ರಥದ ಕುದುರೆಗಳ ವಾಘೆ ಹಿಡಿದು ಕುಳಿತ ಶಲ್ಯನಿಂದ ಒದಗಿದ ಕಷ್ಟವೆಷ್ಟು ಎಂಬುದನ್ನು ಇದುವರೆಗೆ ಯಾರೂ ತೂಗಿ ನೋಡಿದಂತಿಲ್ಲ. ತೂಗಿದ್ದರೆ, ಪೋಕೆಮಾನ್ ಕಥಾಮಾಲೆಯಲ್ಲಿ ಬರುವ ಇಂಡಿಗೊ ಲೀಗ್ ಎಂಬ ಮಹಾಸ್ಪರ್ಧೆಯ ಐದನೆಯ ಸುತ್ತಿನ ಪಂದ್ಯವು ವಿದ್ವಾಂಸರಿಗೆ ಇಷ್ಟು ಅಪರಿಚಿತವಾಗಿ ಉಳಿಯುತ್ತಿರಲಿಲ್ಲ.

ಈ ಶಾಸ್ತ್ರ ನನಗೆ ಗುರುಮುಖೇನವೇ ಪ್ರಾಪ್ತವಾದದ್ದು. ಗುರುಗಳು ನನ್ನ ಮಗಳ ಮಗ. ಪಾಠದ ವೇಳೆ ಸಂಜೆ ಹಾಲು ಕುಡಿದಾದ ಮೇಲೆ. ಪಾಠಸ್ಥಳ ದೂರದರ್ಶನಪೆಟ್ಟಿಗೆಯ ಎದುರಿನ ಚಾಪೆ. ವಾರ್ತೆಗಳನ್ನು ಕೇಳಲೆಂದು ಕುರ್ಚಿಯಲ್ಲಿ ಕುಳಿತ ನನ್ನನ್ನು ಅವನು ಆ ಪದವಿಯಿಂದ ಮೆಲ್ಲಗೆ ಇಳಿಸಿ ಚಾಪೆಯ ಮೇಲೆ ಕೂರಿಸಿಕೊಂಡ. "ತಾತ, ನಡುವೆ ಮಾತಾಡಬಾರದು. ಸಂದೇಹ ಇದ್ದರೆ ಜಾಹೀರಾತು ಬಂದಾಗ ಕೇಳಬೇಕು" ಎಂಬುದು ಅವನು ವಿಧಿಸಿದ ಪ್ರಥಮ ನಿಯಮ. ನಾನು ಅಧ್ಯಾಪಕ ವೃತ್ತಿಯಲ್ಲಿದ್ದಷ್ಟು ಕಾಲವೂ ಇಂಥ ಶಿಸ್ತನ್ನು ತರಗತಿಯಲ್ಲಿ ನೆಲೆಗೊಳಿಸಲು ಹೆಣಗಿದವನಾದ್ದರಿಂದ ಅವನ ಸಾಮರ್ಥ್ಯಕ್ಕೆ ತಲೆಬಾಗಿದೆ.

ಇತಿಹಾಸವನ್ನು ಮಾತ್ರ ನಾನು ಬೇರೆಡೆಯಿಂದ ಸಂಪಾದಿಸಿಕೊಳ್ಳಬೇಕಾಯಿತು. ಗುರುಗಳಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ಜಪಾನಿನಲ್ಲಿ ಸತೋಷಿ ತಾಜಿರಿ ಎಂಬಾತ ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವ ಗೀಳಿನವನಾಗಿದ್ದು, ಆ ಆನಂದ ನಗರದ ಮಕ್ಕಳಿಗೂ ಲಭಿಸಲೆಂದು ಅಂಗೈಯಗಲದ ಗೇಮ್ ಬಾಯ್ ಯಂತ್ರಕ್ಕಾಗಿ ಒಂದು ಆಟವನ್ನು ರೂಪಿಸಿದ. ಅದು 1996ರ ಫೆಬ್ರುವರಿ 27ರಂದು ಪ್ರಕಟವಾಯಿತು. ಮರುವರ್ಷದ ಏಪ್ರಿಲ್ 1ರಿಂದ ಅದೇ ಕಥೆ ದೂರದರ್ಶನದಲ್ಲಿ ಬರತೊಡಗಿತು. ನಮ್ಮ ಮಕ್ಕಳು ಆ್ಯಶ್ ಎಂದು ಕರೆಯುವ ಕಥಾನಾಯಕನ ಹೆಸರು ಜಪಾನಿನಲ್ಲಿ ಸತೋಷಿ. ಅವನನ್ನು ಹೆಜ್ಜೆಹೆಜ್ಜೆಗೂ ಹೀಯಾಳಿಸುವ ಗ್ಯಾರಿಯ ಹೆಸರು ಅಲ್ಲಿ ಶಿಗೆರು. ಶಿಗೆರು ಮಿಯಾಮೊಟೊ ಎಂಬುವರು ತಾಜಿರಿ ಗುರುಸಮಾನರೆಂದು ಭಾವಿಸಿದ್ದ ಆಟಗಳ ನಿರ್ಮಾಪಕರು. ಹೀಗೆ ತನ್ನ ಹೆಸರಿನ ಹುಡುಗನನ್ನು ಗುರುವಿನ ಹೆಸರಿನ ಹುಡುಗನಿಂದ ಕಂತುಗಟ್ಟಲೆ ಬಯ್ಯಿಸುವ ಗುರುದಕ್ಷಿಣೆ ನಮ್ಮ ಪುರಾಣಗಳಲ್ಲಿಯೂ ದುರ್ಲಭ.

ಕಥೆಯ ಧರ್ಮಶಾಸ್ತ್ರ ಸರಳವಾದದ್ದು. ಬಾಲಕನಿಗೆ ಹತ್ತು ವರ್ಷ ತುಂಬಿದೊಡನೆ ಅವನು ಮನೆ ಬಿಟ್ಟು ದೇಶಾಟನೆಗೆ ಹೊರಡಬೇಕು. (ಹತ್ತು ವರ್ಷದ ಹುಡುಗನನ್ನು ಬೀದಿಯ ಕೊನೆಯ ಹಾಲಿನ ಬೂತಿಗೆ ಕಳಿಸಿ, ಅವನು ಹಿಂದಿರುಗುವವರೆಗೆ ಗೇಟಿನ ಬಳಿ ನಿಂತಿರುವ ನನ್ನ ಮಗಳು ಈ ಭಾಗವನ್ನು ನೋಡದಂತೆ ಗುರುಗಳು ಎಚ್ಚರ ವಹಿಸುತ್ತಿದ್ದರು.) ದಾರಿಯಲ್ಲಿ ಸಿಕ್ಕ ವಿಚಿತ್ರ ಮೃಗಗಳನ್ನು ಹಿಡಿದು, ಪಳಗಿಸಿ, ಚೆಂಡಿನಾಕಾರದ ಕರಂಡಕದಲ್ಲಿ ಇರಿಸಿಕೊಂಡು, ಊರೂರಿನ ಗರಡಿಗಳಿಗೆ ಹೋಗಿ, ಅಲ್ಲಿಯ ಉಸ್ತಾದರನ್ನು ಸೋಲಿಸಿ ಒಂದೊಂದು ಬಿಲ್ಲೆಯನ್ನು ಗಳಿಸಬೇಕು. ಎಂಟು ಬಿಲ್ಲೆಗಳಾದವನೇ ಇಂಡಿಗೊ ಲೀಗಿಗೆ ಅರ್ಹ.

ಈ ಅರ್ಹತೆ ಎಂಬುದನ್ನು ನಾನು ವಿಶೇಷ ಕುತೂಹಲದಿಂದ ಪರಿಶೀಲಿಸಿದ್ದೇನೆ. ಮೊದಲನೆಯ ಬಿಲ್ಲೆಗಾಗಿ ಆ್ಯಶ್ ಬ್ರಾಕ್ ಎಂಬವನ ಬಂಡೆಮೈಯ ಸರ್ಪದೊಡನೆ ಹೋರಾಡುತ್ತಿದ್ದಾಗ, ಅವನ ಮುದ್ದಿನ ಪಿಕಾಚುವಿನ ಮಿಂಚಿನಿಂದ ಕಿಡಿ ಹಾರಿ, ಬೆಂಕಿ ಆರಿಸುವ ನೀರಿನ ಕೊಳವೆಗಳು ತಾವಾಗಿಯೇ ತೆರೆದುಕೊಂಡು, ನೆನೆದ ಸರ್ಪ ನಿತ್ರಾಣವಾಯಿತು; ಕೊಳಾಯಿ ತಂದುಕೊಟ್ಟ ಗೆಲುವು ತನಗೆ ಬೇಡವೆಂದು ಆ್ಯಶ್ ಹೊರಟುಹೋದರೆ ಬ್ರಾಕ್ ಹಿಂದಿನಿಂದ ಓಡಿಬಂದು ಬಿಲ್ಲೆಯನ್ನು ಕೈಯಲ್ಲಿಟ್ಟ. ಎರಡನೆಯದಾದ ಕ್ಯಾಸ್ಕೇಡ್ ಬಿಲ್ಲೆಯ ಪಂದ್ಯದ ನಡುವೆ ಕಳ್ಳರು ನುಗ್ಗಿದ್ದರಿಂದ ಆಟವೇ ನಿಂತಿತು. ಗರಡಿಯ ಅಕ್ಕಂದಿರು ಉಪಕಾರಸ್ಮರಣೆಗಾಗಿ ಕೊಟ್ಟು ಕಳಿಸಿದರು. ರೇನ್‌ಬೋ ಬಿಲ್ಲೆಯ ಊರಿನಲ್ಲಿ ಇವನು ಸುಗಂಧದ್ರವ್ಯವನ್ನು ನಿಂದಿಸಿ, ಗರಡಿಗೆ ಪ್ರವೇಶ ಸಿಗದೆ, ಹುಡುಗಿಯ ವೇಷ ಧರಿಸಿ ಒಳನುಸುಳಿದ. ವಿರಾಟನಗರದ ಬೃಹನ್ನಳೆಗಾದರೂ ಅಜ್ಞಾತವಾಸದ ಕಾರಣವಿತ್ತು, ಇವನಿಗೆ ಅದೂ ಇಲ್ಲ. ಅಲ್ಲಿ ಬೆಂಕಿ ಬಿದ್ದಾಗ ಒಳಗೆ ಸಿಕ್ಕಿಕೊಂಡಿದ್ದ ಉಸ್ತಾದಿನಿಯ ಮೃಗವನ್ನು ಎತ್ತಿತಂದ ಪುಣ್ಯಕ್ಕೆ ಬಿಲ್ಲೆ ಸಂದಿತು. ಮಾರ್ಶ್ ಬಿಲ್ಲೆಯ ವೃತ್ತಾಂತವಂತೂ ಮತ್ತೂ ಘನವಾದದ್ದು: ಸೋತವರನ್ನು ಗೊಂಬೆಗಳನ್ನಾಗಿ ಮಾಡುತ್ತಿದ್ದ ಗಂಭೀರಮುಖಿ ಸಬ್ರೀನಾಳೆದುರು ಇವನು ತಂದ ಭೂತವೊಂದು ಚೇಷ್ಟೆ ಮಾಡಿ ಆಕೆಯನ್ನು ನಗಿಸಿಬಿಟ್ಟಿತು, ನಗೆ ತಡೆಯಲಾರದವಳು ಸೋತಂತೆಯೇ ಎಂದು ನಿರ್ಣಯವಾಯಿತು. ಕಡೆಯದಾದ ಅರ್ಥ್ ಬಿಲ್ಲೆ ಸಿಕ್ಕಿದ್ದು, ಗರಡಿಯ ಯಜಮಾನ ಇಲ್ಲದಾಗ ಅವನ ಗದ್ದುಗೆಯಲ್ಲಿ ಕುಳಿತಿದ್ದ, ಎಂದೂ ಯಾರನ್ನೂ ಸೋಲಿಸಿ ಅಭ್ಯಾಸವಿಲ್ಲದ ಆ ಮೊದಲಿನ ಕಳ್ಳರನ್ನೇ ಎದುರಿಸಿ. ನ್ಯಾಯವಾಗಿ ಹೋರಾಡಿ ಗಳಿಸಿದ ಬಿಲ್ಲೆಗಳೂ ಇಲ್ಲದೆ ಇಲ್ಲ. ಪಟ್ಟಿಯಲ್ಲಿ ಅವು ಕಣ್ಣಿಗೆ ಬೀಳುವುದು ಕಡಿಮೆ. ಕೃಪಾಂಕಗಳಿಂದ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಹುಮಂದಿಯನ್ನು ನಾನು ಕಂಡಿದ್ದೇನೆ, ಸ್ವಹಸ್ತದಿಂದ ದಾಟಿಸಿಯೂ ಇದ್ದೇನೆ. ಆದರೆ ಭೂತದ ಚೇಷ್ಟೆಗೆ ಅಂಕ ಕೊಡುವ ವಿಶ್ವವಿದ್ಯಾನಿಲಯವನ್ನು ಕಂಡಿರಲಿಲ್ಲ.

ಇದರಲ್ಲೇನು ತಪ್ಪು, ಒಳ್ಳೆಯ ಹುಡುಗ, ಒಳ್ಳೆಯ ಕೆಲಸ ಮಾಡಿದ, ಬಿಲ್ಲೆ ಬಂತು ಎನ್ನಬಹುದು. ಗುರುಗಳೂ ಹಾಗೆಯೇ ಎಂದರು. ಆದರೆ ತಾಜಿರಿಯ ಮೂಲ ಆಟದಲ್ಲಿ ಬಿಲ್ಲೆ ಬರಿಯ ಅಲಂಕಾರವಲ್ಲ. ಅನ್ಯರಿಂದ ಕೈಬದಲಾಗಿ ಬಂದ ಮೃಗವು ಹೊಸ ಒಡೆಯನ ಮಾತನ್ನು ಕೇಳಬೇಕಾದರೆ ಅವನಲ್ಲಿ ತಕ್ಕ ಬಿಲ್ಲೆ ಇರಬೇಕು: ಕ್ಯಾಸ್ಕೇಡ್ ಇದ್ದರೆ 30ನೆಯ ಮಟ್ಟದವರೆಗಿನ ಮೃಗ ವಿಧೇಯ, ರೇನ್‌ಬೋ ಇದ್ದರೆ 50, ಮಾರ್ಶ್ ಇದ್ದರೆ 70, ಅರ್ಥ್ ಇದ್ದರೆ ಎಲ್ಲವೂ ವಿಧೇಯ. ವಾಚಕರು ಈ ನಾಲ್ಕು ಹೆಸರುಗಳನ್ನು ಮೇಲಿನ ವೃತ್ತಾಂತದೊಡನೆ ಒಮ್ಮೆ ಹೋಲಿಸಿ ನೋಡಬೇಕು. ವಿಧೇಯತೆಯನ್ನು ದೊರಕಿಸಿಕೊಡುವ ನಾಲ್ಕು ಬಿಲ್ಲೆಗಳನ್ನೇ ಆರಿಸಿಕೊಂಡು, ಆ ನಾಲ್ಕರಲ್ಲಿಯೂ ಗರಡಿಯ ಉಸ್ತಾದರನ್ನು ನೇರವಾಗಿ ಸೋಲಿಸದೆ ಬಂದಿದ್ದಾನೆ ನಮ್ಮ ನಾಯಕ! ಕಥೆಗಾರರು ಇದನ್ನು ತಿಳಿದೇ ಮಾಡಿದರೋ ಕಾಕತಾಳೀಯವೋ, ಫಲ ಮಾತ್ರ ಶಾಸ್ತ್ರೋಕ್ತವಾಗಿಯೇ ಒದಗಿತು.

ಏಕೆಂದರೆ ಅವನ ಬಳಿ ಕೈಬದಲಾಗಿ ಬಂದ ಮೃಗವೊಂದಿತ್ತು. ಡೇಮಿಯನ್ ಎಂಬ ದುಷ್ಟನೊಬ್ಬ ಕೈಲಾಗದ್ದೆಂದು ಬಂಡೆಯ ಮೇಲೆ ಬಿಟ್ಟುಹೋದ, ಬಾಲದ ತುದಿಯ ಜ್ವಾಲೆ ಆರಿದರೆ ಪ್ರಾಣವೇ ಹೋಗುವಂಥ ಮರಿಯನ್ನು ಆ್ಯಶ್ ಸುರಿಮಳೆಯಲ್ಲಿ ರಕ್ಷಿಸಿದ್ದ. ಚಾರ್ಮ್ಯಾಂಡರ್ ಎಂಬ ಆ ಮರಿ ಅಂದು ಕೃತಜ್ಞತೆಯಿಂದ ಕಾಲಿಗೆ ಅಡರುತ್ತಿತ್ತು. ಬೆಳೆದು, ರೆಕ್ಕೆ ಮೂಡಿ, ಬೆಂಕಿಯುಗುಳುವ ಚಾರಿಝಾರ್ಡ್ ಆದ ಮೇಲೆ ಒಡೆಯನ ಕಡೆ ತಿರುಗಿ ನೋಡುವುದನ್ನು ಬಿಟ್ಟಿತು. ಪ್ರಾಯಕ್ಕೆ ಬಂದ ಮಕ್ಕಳಿರುವ ಮನೆಗಳಲ್ಲಿ ಈ ಭಾಗವನ್ನು ವಿವರಿಸಬೇಕಾದದ್ದಿಲ್ಲ.

ಇನ್ನು ಪಂದ್ಯ. ಹುಲ್ಲು, ಬಂಡೆ, ನೀರು, ಹಿಮ ಎಂಬ ನಾಲ್ಕು ಬಗೆಯ ಕಣಗಳಲ್ಲಿ ಗೆದ್ದು ಆ್ಯಶ್ ದೊಡ್ಡ ಕ್ರೀಡಾಂಗಣಕ್ಕೆ ಬಂದ. ಮೋಟಾರಿನಲ್ಲಿ, ಜಯಘೋಷ ಮಾಡುವ ಕನ್ಯೆಯರ ಪರಿವಾರದೊಡನೆ ಬಂದಿದ್ದ ಗ್ಯಾರಿ ನಾಲ್ಕನೆಯ ಸುತ್ತಿನಲ್ಲಿಯೇ ಸೋತು ಮನೆಯ ದಾರಿ ಹಿಡಿದಿದ್ದ. ಐದನೆಯ ಸುತ್ತಿನಲ್ಲಿ ಎದುರಾದವನು ರಿಚಿ. ಆ ಸ್ಪರ್ಧೆಯಲ್ಲಿಯೇ ಸ್ನೇಹಿತನಾದವನು, ಇವನಂತೆಯೇ ಭುಜದ ಮೇಲೊಂದು ಪಿಕಾಚುವನ್ನು ಕೂರಿಸಿಕೊಂಡವನು. ಗೆದ್ದವನಿಗೆ ಮುಂದಿನ ಸುತ್ತು, ಸೋತವನಿಗೆ ಊರು. ಪಂದ್ಯದ ದಿನವೇ ಆ ಹಳೆಯ ಕಳ್ಳರು ಆ್ಯಶನನ್ನು ಅಡ್ಡಗಟ್ಟಿದ್ದರು; ಅವರಿಂದ ಬಿಡಿಸಿಕೊಂಡು ಬರುವುದರಲ್ಲಿ ಅವನ ಮೃಗಗಳ ಕಸುವೆಲ್ಲ ತೀರಿಹೋಗಿತ್ತು.

ಎರಡೂ ಕಡೆಗಳಿಗೆ ಮೂರು ಮೂರು ಮೃಗಗಳೆಂದು ನಿಯಮ. ಆ್ಯಶನ ಸ್ಕ್ವರ್ಟಲ್ ಎಂಬ ಆಮೆಯನ್ನು ರಿಚಿಯ ಚಿಟ್ಟೆ ನಿದ್ರಾಚೂರ್ಣವನ್ನು ಉದುರಿಸಿ ಮಲಗಿಸಿತು. ಪಿಕಾಚು ದಣಿದಿದ್ದರೂ ಆ ಚಿಟ್ಟೆಯನ್ನು ಕೆಡವಿ, ಅನಂತರ ಬಂದ ರಿಚಿಯ ಚಾರ್ಮ್ಯಾಂಡರಿನ ಎದುರು ತಾನೂ ಬಿತ್ತು. ಉಳಿದದ್ದೊಂದೇ. ಗುರುಗಳು ಇಲ್ಲಿ ಉಸಿರು ಬಿಗಿಹಿಡಿದು, ಚಾಪೆಯ ಹುರಿಯನ್ನು ಒಂದೊಂದಾಗಿ ಕೀಳತೊಡಗಿದರು. ಚಾರಿಝಾರ್ಡ್ ಬಂತು, ಬಂದ ರಭಸಕ್ಕೆ ಎದುರಿನ ಮರಿಯನ್ನು ನಿಮಿಷದಲ್ಲಿ ಮುಗಿಸಿತು. ಕಡೆಗೆ ರಿಚಿ ತನ್ನ ಪಿಕಾಚುವನ್ನು ಇಳಿಸಿದ. ಒಂದು ಕಡೆ ಕ್ರೀಡಾಂಗಣವನ್ನೇ ಸುಡಬಲ್ಲ ಹಾರುವ ಉರಗ, ಇನ್ನೊಂದು ಕಡೆ ಮೊಣಕಾಲೆತ್ತರದ ಹಳದಿಯ ಇಲಿ. ಯಾರು ಗೆಲ್ಲುತ್ತಾರೆಂದು ಕೇಳುವುದೇ ಅಸಂಬದ್ಧ. ಆ ಘಳಿಗೆಯಲ್ಲಿ ಚಾರಿಝಾರ್ಡ್ ಸುತ್ತ ಒಮ್ಮೆ ನೋಡಿ, ತನಗೆ ಸಮನಾದವರು ಇಲ್ಲಿ ಯಾರೂ ಇಲ್ಲವೆಂದು ನಿಶ್ಚಯಿಸಿಕೊಂಡು, ಊಟವಾದ ಮೇಲೆ ಜಗಲಿಯ ಮೇಲೆ ಒರಗುವ ಯಜಮಾನನ ಹಾಗೆ ಕಣದ ಮೇಲೆ ಮೈಚಾಚಿ ಕಣ್ಣು ಮುಚ್ಚಿಕೊಂಡಿತು. ಆ್ಯಶ್ ಅಂಗಲಾಚಿದ, ಗದರಿಸಿದ, ಆಜ್ಞೆಯ ಮೇಲೆ ಆಜ್ಞೆ ಮಾಡಿದ. ಅವನ ಎಂಟು ಬಿಲ್ಲೆಗಳೂ ಅಂಗಿಯ ಒಳಗೆ ಥಳಥಳಿಸುತ್ತಿದ್ದಿರಬೇಕು. ಚಾರಿಝಾರ್ಡ್ ಬಿಲ್ಲೆಗಳನ್ನು ಓದುವ ಜಾತಿಯದಲ್ಲ. ಕಾದು ನೋಡಿದ ತೀರ್ಪುಗಾರ, ಹೋರಾಡಲೊಪ್ಪದ ಮೃಗ ಸೋತಂತೆ ಎಂದು ಸಾರಿದ. ರಿಚಿ ಗೆದ್ದ.

ಜಾಹೀರಾತು ಬಂತು. "ಇದು ಮೋಸ ತಾತ! ಅದು ಸೋಲಲೇ ಇಲ್ಲ, ಬರೀ ಮಲಗಿತು!" ಎಂದು ಗುರುಗಳು ಗುಡುಗಿದರು. "ಆಮೆಯೂ ಮಲಗಿತಲ್ಲೋ" ಎಂದೆ. "ಅದು ಪುಡಿ ಹಾಕಿದ್ದಕ್ಕೆ ಮಲಗಿದ್ದು. ಇದು ತಾನಾಗಿಯೇ ಮಲಗಿದ್ದು. ಬೇರೆ ಬೇರೆ!" ಪರವಶನಿದ್ರೆಗೂ ಸ್ವೇಚ್ಛಾನಿದ್ರೆಗೂ ಇರುವ ಭೇದವನ್ನು ಇಷ್ಟು ವಿಶದವಾಗಿ ಮಂಡಿಸಿದ್ದನ್ನು ನಾನು ಬೇರೆಲ್ಲಿಯೂ ಕೇಳಿದವನಲ್ಲ. ತಮ್ಮ ಮೇಲ್ಮನವಿಯನ್ನು ಗುರುಗಳು ರಾತ್ರಿ ಊಟಕ್ಕೆ ಬಂದ ಅಳಿಯಂದಿರ ಮುಂದೆಯೂ ಇಟ್ಟರು. ಅವರು ವಾದವನ್ನು ಪೂರ್ತಿ ಆಲಿಸುವಷ್ಟರಲ್ಲಿ ತಾವೇ ಸೋಫಾದ ಮೇಲೆ ಸ್ವೇಚ್ಛೆಯಿಂದ ಮಲಗಿಬಿಟ್ಟಿದ್ದರು.

ಕಥೆಯ ಹೊರಗೆ, ಮನುಷ್ಯರು ನಿಜವಾಗಿ ಆಡುವ ವಿಶ್ವಸ್ಪರ್ಧೆಗಳೂ ಇವೆ. ವರ್ಷವಿಡೀ ಅಂಕ ಕೂಡಿಟ್ಟು ಅಲ್ಲಿಗೆ ಅರ್ಹರಾಗಬೇಕು. 2014ರಲ್ಲಿ ವಾಷಿಂಗ್ಟನ್ ನಗರದಲ್ಲಿ ನಡೆದ ಕೂಟದಲ್ಲಿ ದಕ್ಷಿಣ ಕೊರಿಯದ ಸೆ ಜುನ್ ಪಾರ್ಕ್ ಎಂಬ ತರುಣ, ಜಾಣರಾರೂ ಕಣಕ್ಕೆ ತರದ ಪಚಿರಿಸು ಎಂಬ ಪುಟ್ಟ ಅಳಿಲನ್ನು ತನ್ನ ದಂಡಿನಲ್ಲಿ ಸೇರಿಸಿಕೊಂಡು ಬಂದ. ಇಬ್ಬಿಬ್ಬರಾಗಿ ಹೋರಾಡುವ ಆ ಪದ್ಧತಿಯಲ್ಲಿ ಅಳಿಲಿನ ಉದ್ಯೋಗ ಒಂದೇ: ಎದುರಾಳಿಯ ಪೆಟ್ಟುಗಳನ್ನು ತನ್ನ ಕಡೆಗೆ ಸೆಳೆದುಕೊಂಡು, ಪಕ್ಕದ ಬಲಶಾಲಿಗೆ ನಿಶ್ಚಿಂತೆಯಿಂದ ಹೊಡೆಯಲು ಅವಕಾಶ ಮಾಡಿಕೊಡುವುದು. ಮಹಾಮೃಗಗಳ ಏಟುಗಳನ್ನು ತಿಂದೂ ಅದು ಎದ್ದು ನಿಂತಾಗ ಸಭೆ ಹುಚ್ಚೆದ್ದು ಕೂಗಿತು, ಪಾರ್ಕ್ ವಿಶ್ವವಿಜೇತನಾದ. ಅಲ್ಲಿ ಆಟಗಾರ ಕೂಗುವುದಿಲ್ಲ, ಅಂಗಲಾಚುವುದಿಲ್ಲ; ಗುಂಡಿ ಒತ್ತಿದರೆ ಮೃಗ ಹೇಳಿದಂತೆ ಕೇಳುತ್ತದೆ. ಚಾರಿಝಾರ್ಡಿನ ಒಡೆಯನ ಸಂಕಟ ಆ ವೀರರಿಗೆ ಅರ್ಥವಾಗುವಂತಿಲ್ಲ.

ಆ ಉರಗ ಮುಂದೆ ಒಡೆಯನಿಗೆ ಒಲಿದದ್ದೂ ಬಿಲ್ಲೆಯಿಂದಲ್ಲ. ಮತ್ತೊಂದು ಪಂದ್ಯದಲ್ಲಿ ಎದುರಾಳಿಯ ಹೊಡೆತಕ್ಕೆ ಅದು ಹೆಪ್ಪುಗಟ್ಟಿ ಬಿದ್ದಾಗ ಆ್ಯಶ್ ರಾತ್ರಿಯೆಲ್ಲ ಕುಳಿತು, ಅಂಗೈ ನೋಯುವವರೆಗೆ ಅದರ ಮೈ ಉಜ್ಜಿ ಬೆಚ್ಚಗಿಟ್ಟ. ಅಂದಿನಿಂದ ಅದು ಮಾತು ಕೇಳಿತು. ಇಷ್ಟನ್ನು ಮೊದಲೇ ಮಾಡಿದ್ದರೆ ರಿಚಿಯನ್ನು ಗೆಲ್ಲುತ್ತಿದ್ದನಲ್ಲವೆ ಎಂದು ಕೇಳಿದೆ. "ಆಗ ಅದಕ್ಕೆ ಚಳಿಯಾಗಿರಲಿಲ್ಲವಲ್ಲ ತಾತ" ಎಂದು ಗುರುಗಳು ನನ್ನ ಅಲ್ಪಮತಿಗೆ ಮರುಗಿದರು.

ಮೇಲ್ಮನವಿಯ ವಿಚಾರ ಇನ್ನೂ ಬಾಕಿಯಿರುವುದರಿಂದ ನನ್ನ ಅಭಿಪ್ರಾಯವನ್ನು ದಾಖಲಿಸಿಬಿಡುತ್ತೇನೆ. ಕಣಕ್ಕಿಳಿದ ಮೇಲೆ ಮಲಗಿದವನು, ಚೂರ್ಣದಿಂದ ಮಲಗಿದರೂ ಗರ್ವದಿಂದ ಮಲಗಿದರೂ, ಸೋತವನೇ. ತೀರ್ಪುಗಾರ ಮಾಡಿದ್ದು ಸರಿ. ಆ್ಯಶ್ ಮೊದಲ ಹದಿನಾರು ಮಂದಿಯಲ್ಲಿ ಒಬ್ಬನೆನಿಸಿಕೊಂಡು ಊರಿಗೆ ಮರಳಿದ. ರಿಚಿ ಮರುಸುತ್ತಿನಲ್ಲಿಯೇ ಸೋತ.